ಹಳ್ಳದ ಸೇತುವೆಯ ಸಭೆಗೆ ಕುಡಿದು ಬಂದ ಶಾಸಕರ ಕುರಿತು

ವಿಧಾನಸಭೆಯ ಮಾನ್ಯ ಸಭಾಧ್ಯಕ್ಷರೇ,

ಶಾಸಕರು ಕೆಲಸದ ಹೊತ್ತಿನಲ್ಲಿ ಕುಡಿಯಬಹುದೇ? ಕುಡಿಯಬಾರದೆಂಬ ನಿಯಮ ಇದ್ದರೆ ಅದು ನಮ್ಮ ಊರಿನ ತನಕ ಬಂದಿಲ್ಲ. ಇಲ್ಲದಿದ್ದರೆ ದಯವಿಟ್ಟು ಮಾಡಿ. ಇಷ್ಟನ್ನು ಕೇಳಲೂ ತಮ್ಮಂಥವರಿಗೆ ಪತ್ರ ಬರೆಯಬೇಕಾಯಿತಲ್ಲ ಎಂದು ನನಗೇ ಬೇಸರವಿದೆ. ಅವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಏನು ಕುಡಿಯುತ್ತಾರೆ ಎಂಬುದು ನನ್ನ ತಕರಾರಲ್ಲ.

ನಾನು ಅಣ್ಣಿಗೇರಿ ತಾಲೂಕಿನವಳು. ಶಲವಡಿ ಕಡೆಯ ಸಣ್ಣ ಊರು ನಮ್ಮದು. ನನ್ನ ಗಂಡ ಈರೇಶ ಸರ್ಕಾರಿ ಬಸ್ಸಿನ ಚಾಲಕ. ಬಸ್ಸು ಹತ್ತುವ ಮುಂಚೆ ಡಿಪೋದಲ್ಲಿ, ಕುಡಿದಿದ್ದಾರೋ ಎಂದು ನೋಡುವ ಯಂತ್ರದ ಕೊಳವೆಗೆ ಊದಬೇಕು. ಒಂದು ದಿನ ಕೆಮ್ಮಿನ ಔಷಧ ಕುಡಿದು ಹೋಗಿದ್ದರು, ಯಂತ್ರ ಕೂಗಿತು. ಅಂದು ಬಸ್ಸು ಕೊಡದೆ ಮನೆಗೆ ಕಳಿಸಿದರು. ಕೊರಳಲ್ಲಿ ಲಿಂಗ ಕಟ್ಟಿದ, ಜನ್ಮದಲ್ಲಿ ಹನಿ ಮದ್ಯ ಮುಟ್ಟದ ಮನುಷ್ಯ. ನನಗೆ ಸಿಟ್ಟು ಬಂತು. ಅವರು, “ಇರಲಿ ಬಿಡು. ಹಿಂದ ಕುಂತ ಮಂದಿಗೆ ಔಷಧ ಯಾವ್ದು, ಶೆರೆ ಯಾವ್ದು ಅಂತ ಹೆಂಗ ಗೊತ್ತಾಗಬೇಕು?” ಎಂದು ಊಟಕ್ಕೆ ಕುಳಿತರು. ಒಂದು ಬಸ್ಸಿನ ಜನರ ಜೀವಕ್ಕೆ ಇಷ್ಟು ಕಾವಲು. ಒಂದು ಕ್ಷೇತ್ರದ ಜನರ ಜೀವ ಅದಕ್ಕಿಂತ ಅಗ್ಗವೇ?

ಈಗ ನಡೆದದ್ದನ್ನು ಹೇಳುತ್ತೇನೆ. ನಮ್ಮ ಊರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ಸೇತುವೆ ಇಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯ ಮಲ್ಲಕ್ಕನ ಸೊಸೆ ಸುನೀತಾಗೆ ಹೆರಿಗೆ ನೋವು ಬಂದಾಗ ಹಳ್ಳ ದಂಡೆ ಮೀರಿ ಹರಿಯುತ್ತಿತ್ತು. ಆಂಬುಲೆನ್ಸ್ ಆಚೆ ನಿಂತಿತ್ತು. ಹೆರಿಗೆ ಈಚೆ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಆಯಿತು. ಕೂಸು ಉಳಿಯಲಿಲ್ಲ. ಮಲ್ಲಕ್ಕ ಅದರ ಬಗ್ಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಶಾಸಕರ ಜನಸಂಪರ್ಕ ಸಭೆ ಇದೆ ಎಂದಾಗ ಅಲ್ಲಿ ಹೇಳಲು ನಾವೇ ಒಪ್ಪಿಸಿದೆವು. “ನೀ ಹೇಳಿದ್ರ ಸೇತುವಿ ಆಗತೈತಿ ಯಕ್ಕಾ” ಎಂದು ನಾನೇ ಕೈ ಹಿಡಿದು ಕರೆದುಕೊಂಡು ಹೋದೆ.

ಶಾಸಕರು ಊಟ ಮುಗಿಸಿ ಬಂದರು. ವೇದಿಕೆ ಹತ್ತಿಸಲು ಇಬ್ಬರು ಬೇಕಾದರು. ವಾಸನೆ ನಾವು ಕುಳಿತಲ್ಲಿಗೇ ಬಂತು. ಮಲ್ಲಕ್ಕ ಎದ್ದು, ನಡುನಡುವೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತ ಎಲ್ಲವನ್ನೂ ಹೇಳಿದಳು. ಕೂಸಿನ ಮುಖ ಹೇಗಿತ್ತೆಂಬುದನ್ನೂ ಹೇಳಿದಳು. ಶಾಸಕರ ಕಣ್ಣು ಮುಚ್ಚಿದ್ದವು. ಅವಳ ಮಾತು ನಿಂತದ್ದಕ್ಕೆ ಎಚ್ಚರಾಗಿ, ನಕ್ಕು, “ಭಾಳ ಸಂತೋಷ ಆತವ್ವಾ. ಕೂಸಿಗೆ ಹೆಸರಿಡೂ ದಿನ ನನ್ನೂ ಕರೀರಿ” ಎಂದರು.

ಹಿಂಬಾಲಕರು ಚಪ್ಪಾಳೆ ತಟ್ಟಿದರು. ನನ್ನ ಗಂಡ ಎದ್ದು ನಿಂತು, “ಸಾಹೇಬ್ರ, ಹಿಂಗಿದ್ರ ನನಗ ಬಸ್ ಕೊಡಂಗಿಲ್ರಿ. ನಿಮಗ ಸಭಾ ಹೆಂಗ ಕೊಟ್ರು?” ಎಂದು ಕೇಳಿದರು. ಅವರನ್ನು ತೋಳು ಹಿಡಿದು ಹೊರಗೆ ಹಾಕಿದರು. ಮಲ್ಲಕ್ಕ ಕುಳಿತಳು. ಮುಂದಿನವರ ಹೆಸರು ಕರೆದರು.

ಮರುದಿನ ಶಾಸಕರ ಕಡೆಯವರು ಬಂದು, ಸಾಹೇಬರಿಗೆ ಆರಾಮಿರಲಿಲ್ಲ ಎಂದರು. ಆರಾಮಿಲ್ಲದವರು ಅಷ್ಟು ನಗುವುದನ್ನು ನಾನು ಕಂಡಿಲ್ಲ. ಸೇತುವೆಯ ವಿಷಯ ಸಾಹೇಬರಿಗೆ ನೆನಪಿಲ್ಲವಂತೆ. ಮುಂದಿನ ಸಭೆಯಲ್ಲಿ ಮಲ್ಲಕ್ಕ ಮತ್ತೊಮ್ಮೆ ಹೇಳಬೇಕಂತೆ. ನಾನು ಅವಳ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ, “ಒಮ್ಮಿ ಹೇಳೀನಿ ತಂಗಿ. ಇನ್ನ ನನ್ನ ಕಡೆ ಆಗಂಗಿಲ್ಲ” ಎಂದಳು. ನಾನು ಒತ್ತಾಯ ಮಾಡಲಿಲ್ಲ.

ಮಾನ್ಯರೇ, ಸದನದ ಬಾಗಿಲಲ್ಲೂ ಶಾಸಕರ ಸಭೆಗಳಲ್ಲೂ ಡಿಪೋದಲ್ಲಿರುವಂಥ ಯಂತ್ರ ಇಡಿಸಿ. ಅದು ಕೂಗಿದರೆ ಬೈಯುವುದು ಬೇಡ, ದಂಡವೂ ಬೇಡ. ಆ ದಿನದ ಮಟ್ಟಿಗೆ ಮನೆಗೆ ಕಳಿಸಿ. ಇದರಿಂದ ಜನಪ್ರತಿನಿಧಿಗಳ ಗೌರವಕ್ಕೆ ಕುಂದು ಎಂದು ಯಾರಾದರೂ ಹೇಳಬಹುದು. ಹಾಗಾದರೆ ದಿನಾ ಊದುವ ಚಾಲಕರಿಗೆ ಗೌರವ ಇಲ್ಲವೆಂದೇ?

ಇನ್ನು, ಮಲ್ಲಕ್ಕನನ್ನು ಮತ್ತೆ ಸಭೆಯಲ್ಲಿ ನಿಲ್ಲಿಸದೆ ಆ ಸೇತುವೆ ಆಗುವಂತೆ ಸಂಬಂಧಪಟ್ಟವರಿಗೆ ಒಂದು ಮಾತು ಹೇಳಿ. ಸುನೀತಾ ಈಗ ಮತ್ತೆ ಬಸುರಿ. ದಿನ ತುಂಬುವುದು ಮಳೆಗಾಲದಲ್ಲಿ.

ಇಂತಿ,
ಕಳೆದ ಸಲವೂ ಸಾಲಿನಲ್ಲಿ ನಿಂತು ಮತ ಹಾಕಿ ಬಂದ
ಮಹಾನಂದಾ