ಹೊಲಿಗೆ ಶಾಲೆಯ ಸಾಕ್ಷಿ

ಗುಂಡ್ಲುಪೇಟೆ
ತಾ. 14-11-1957, ಗುರುವಾರ

ತಂಗಿ ವಾಜಿದಾಳಿಗೆ, ಗುರುಸಿದ್ದಕ್ಕ ಬರೆಯುವ ಕಾಗದ.

ನಿನ್ನ ಕ್ಷೇಮ ಕೇಳುವ ಮುಖ ನನಗಿಲ್ಲ. ಆದರೂ ಕೇಳದೆ ಮುಂದಕ್ಕೆ ಹೋಗಲು ಕೈ ಒಪ್ಪುತ್ತಿಲ್ಲ. ನೀನು, ನಿಮ್ಮ ತಂದೆ ಜಬ್ಬಾರ್ ಸಾಹೇಬರು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನನ್ನ ಅಕ್ಷರ ಗುರುತು ಹತ್ತಿದ ಕೂಡಲೇ ಹರಿದುಹಾಕಬೇಕು ಅನ್ನಿಸಿದರೆ ತಪ್ಪಲ್ಲ, ಈ ಎರಡು ಸಾಲು ಓದಿಕೊಂಡು ಹರಿ. ಬರುವ ಸೋಮವಾರ ವೃಷಭೇಂದ್ರಪ್ಪನವರ ಕಡೆಯ ಇಬ್ಬರು ಚಾಮರಾಜನಗರಕ್ಕೆ, ನಿಮ್ಮ ಮನೆಗೇ ಬರುತ್ತಾರೆ. ಒಂದು ಕಾಗದ ತರುತ್ತಾರೆ. ಅದಕ್ಕೆ ರುಜು ಹಾಕಬೇಡ.

ಅದರಲ್ಲಿ ಏನಿದೆ ಎಂದು ನನಗೆ ಗೊತ್ತು. 'ಯಾರೋ ಹೇಳಿಕೊಟ್ಟ ಮಾತು ಕೇಳಿ ಸುಳ್ಳು ದೂರು ಕೊಟ್ಟೆ, ದೊಡ್ಡ ಮನುಷ್ಯರ ಮಾನಕ್ಕೆ ಕುಂದು ತಂದೆ, ಕ್ಷಮೆ ಬೇಡುತ್ತೇನೆ' ಎಂದು ನಿನ್ನ ಬಾಯಲ್ಲಿ ಹೇಳಿಸಿದ್ದಾರೆ. ರುಜು ಹಾಕದಿದ್ದರೆ ಮಾನನಷ್ಟದ ಮೊಕದ್ದಮೆ ಹೂಡುತ್ತೇವೆ ಎಂದು ಹೆದರಿಸುತ್ತಾರೆ. ಪುರಸಭೆಯ ಎಲೆಕ್ಷನ್ನಿಗೆ ನಿಲ್ಲುವ ಮುಂಚೆ ಅವರಿಗೆ ಆ ಕಾಗದ ಬೇಕಾಗಿದೆ. ಇದೆಲ್ಲ ನನಗೆ ಹೇಗೆ ತಿಳಿಯಿತು ಎಂದರೆ, ಅದನ್ನು ಶುದ್ಧ ಅಕ್ಷರದಲ್ಲಿ ಬರೆದವರು ನಮ್ಮ ಯಜಮಾನರೇ. ವೃಷಭೇಂದ್ರಪ್ಪನವರ ಅರಿಶಿನದ ಮಂಡಿಯಲ್ಲಿ ಹದಿನಾಲ್ಕು ವರ್ಷದಿಂದ ಗುಮಾಸ್ತರಲ್ಲವೇ. ನಿನ್ನೆ ಬೆಳಿಗ್ಗೆ ನಡುಮನೆಯಲ್ಲಿ ಕೂತು ಬರೆದರು. ನಾನು ತಿಂಡಿ ತಂದಿಟ್ಟು ಅವರ ಬೆನ್ನ ಹಿಂದೆ ನಿಂತು ಓದಿದೆ.

ಇನ್ನು ಮುಂದಿನದು ನಿನಗೆ ಗೊತ್ತಿರುವುದೇ. ಆದರೆ ನನ್ನ ಕಡೆಯಿಂದ ಒಮ್ಮೆಯೂ ನೀನು ಅದನ್ನು ಕೇಳಿಲ್ಲ.

ನೀನು ನಮ್ಮ ಹೊಲಿಗೆ ಶಾಲೆಗೆ ಟೀಚರಾಗಿ ಬಂದಾಗ ಅಲ್ಲಿ ಇದ್ದದ್ದು ಮೂರು ಯಂತ್ರ, ಹನ್ನೊಂದು ಹುಡುಗಿಯರು, ಅವರಿಗೆ ಓದು ಬರಹ ಕಲಿಸುವ ನಾನು. ಹಳೇ ಪೇಪರಿನ ಮೇಲೆ ನೀನು ರವಿಕೆ ಕತ್ತರಿಸಿ ತೋರಿಸುತ್ತಿದ್ದರೆ ನಾನೂ ಪಾಠ ಬಿಟ್ಟು ಬಂದು ನೋಡುತ್ತಿದ್ದೆ. ಶಾಲೆ ನಡೆಸುವ ಸಮಿತಿಗೆ ವೃಷಭೇಂದ್ರಪ್ಪನವರು ಪ್ರೆಸಿಡೆಂಟರು. ಕಟ್ಟಡ ಅವರದು, ಯಂತ್ರ ಅವರು ಕೊಡಿಸಿದ್ದು. ಆ ಮಾರ್ಚಿ ತಿಂಗಳ ಬುಧವಾರ ಹುಡುಗಿಯರು ಹೋದ ಮೇಲೆ, ಹೊಸ ಬಟ್ಟೆ ಬಂದಿದೆ ಎಂದು ನಿನ್ನನ್ನು ಉಗ್ರಾಣಕ್ಕೆ ಕರೆದರು. ನಾನು ಹೊರಟುಹೋಗಿದ್ದವಳು ಹಾಜರಿ ಪುಸ್ತಕ ಮರೆತೆನೆಂದು ವಾಪಸು ಬಂದೆ. ಬಾಗಿಲು ತೆರೆದು ನೀನು ಹೊರಗೆ ಬಂದಾಗ ರವಿಕೆಯ ತೋಳು ಭುಜದಿಂದ ಕಿತ್ತು ಜೋಲುತ್ತಿತ್ತು. ತುಟಿ ಒಡೆದಿತ್ತು. ಹಿಂದೆಯೇ ಅವರು ಶಲ್ಯ ಸರಿಮಾಡಿಕೊಳ್ಳುತ್ತ ಬಂದರು. ಬಟ್ಟೆಯ ಗಂಟು ಮೇಲೆ ಬಿತ್ತು, ಈ ಹುಡುಗಿಗೆ ಎಚ್ಚರ ಸಾಲದು ಎಂದು ನನಗೆ ಹೇಳಿ ಹೋದರು.

ಹಿತ್ತಲ ಬಾವಿಕಟ್ಟೆಯ ಮೇಲೆ ಕೂತು ನೀನು ಎಲ್ಲ ಹೇಳಿದೆ. ಯಾರಿಗೂ ತಿಳಿಯುವುದು ಬೇಡ, ನಾಳೆ ಮೊದಲನೇ ಬಸ್ಸಿಗೆ ಊರಿಗೆ ಹೋಗಿಬಿಡುತ್ತೇನೆ ಅಂದೆ. ಬೇಡ ಅಂದವಳು ನಾನು.

"ದೂರು ಕೊಡು. ನಾನು ಕಣ್ಣಾರೆ ನೋಡಿದೀನಿ. ಎಲ್ಲಿ ಕರೆದ್ರೂ ಬಂದು ಹೇಳ್ತೀನಿ."

ನೀನು ಉರ್ದು ಶಾಲೆಯಲ್ಲಿ ಓದಿದವಳು, ಕನ್ನಡ ಬರೆಯುವುದು ತಡೆಯುತ್ತದೆ ಎಂದೆ. ನಾನೇ ಬರೆದೆ. ಕೆಳಗೆ ನೀನು ನಿನ್ನ ಅಕ್ಷರದಲ್ಲಿ ರುಜು ಹಾಕಿದೆ.

ಸ್ಟೇಷನ್ನಿಗೂ ನಾನೇ ಜೊತೆ ಬಂದಿದ್ದೆ. ಬೆಳಿಗ್ಗೆ ಹೋದವರನ್ನು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದರು. ಬಂದು ಹೋಗುವವರೆಲ್ಲ ನಿನ್ನ ತುಟಿಯ ಗಾಯ ನೋಡಿದರು. ಆಮೇಲೆ ದಫೇದಾರ ಶುರುಮಾಡಿದ. ಒಬ್ಬಳೇ ಯಾಕೆ ಒಳಗೆ ಹೋದೆ, ಇದಕ್ಕೆ ಮುಂಚೆ ಎಷ್ಟು ಸಲ ಹೋಗಿದ್ದೆ, ಕೈಯಲ್ಲಿ ಕತ್ತರಿ ಇರಲಿಲ್ಲವೇ ಎಂದೆಲ್ಲ ಕೇಳಿದ. ಒಂದೊಂದನ್ನೂ ಮೂರು ಮೂರು ಸಲ ಹೇಳಿಸಿದ. ಮೂರನೆಯ ಸಲ ಒಂದು ಮಾತು ಹೆಚ್ಚು ಕಡಿಮೆ ಆದದ್ದಕ್ಕೆ ನಕ್ಕ. ದೂರನ್ನು ಬರೆದುಕೊಳ್ಳಲಿಲ್ಲ. ಸಮಿತಿಯವರು ವಿಚಾರಿಸಲಿ, ಆಮೇಲೆ ನೋಡೋಣ ಅಂದ. ನಾವು ಮನೆ ಮುಟ್ಟುವ ಮೊದಲೇ ಆ ಕಾಗದ ವೃಷಭೇಂದ್ರಪ್ಪನವರ ಕೈ ಮುಟ್ಟಿತ್ತು.

ವಿಚಾರಣೆಯವರೆಗಿನ ಆ ಹದಿನೈದು ದಿನ ನೀನು ನಿನ್ನ ತಾಯಿಯ ತಂಗಿ ಕರೀಮುನ್ನೀಸಾ ಖಾಲಾರ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಅಲ್ಲಿಗೂ ಮಾತು ಬಂತು. ನಿಮ್ಮ ಕೋಮಿನ ಹಿರಿಯರು ಗೌಸ್ ಮೊಹಿದ್ದೀನ್ ಸಾಹೇಬರು ಜಬ್ಬಾರ್ ಸಾಹೇಬರನ್ನು ಕರೆಸಿ, ನಾವು ಈ ಪೇಟೆಯಲ್ಲಿ ನಾಲ್ಕು ಜನರ ನಡುವೆ ಬಾಳಬೇಕು, ಮಗಳ ವಿಷಯವನ್ನು ಎರಡು ಕೋಮಿನ ಜಗಳ ಮಾಡಬೇಡ ಎಂದರಂತೆ. ನಮ್ಮವರೂ ಅದೇ ಮಾತು ಆಡಿದರು. ನಿನ್ನ ಪರವಾಗಿ ಒಂದು ಮಾತಾಡಲು ಒಟ್ಟು ಸೇರದವರು ನಿನ್ನ ಬಾಯಿ ಮುಚ್ಚಿಸಲು ಒಂದಾದರು. ನಿಶ್ಚಯವಾಗಿದ್ದ ಗಂಡಿನವರು ಒಂದು ಆಳಿನ ಕೈಯಲ್ಲಿ ಬೇಡವೆಂದು ಹೇಳಿ ಕಳಿಸಿದರು.

ವಿಚಾರಣೆಯ ಹಿಂದಿನ ದಿನ ವೃಷಭೇಂದ್ರಪ್ಪನವರು ನಮ್ಮ ಮನೆಗೆ ಬಂದಿದ್ದರು. ಇದನ್ನು ನಾನು ನಿನಗೆ ಹೇಳಿರಲಿಲ್ಲ. ಅವರು ಗದರಿಸಲಿಲ್ಲ, ಹೆದರಿಸಲಿಲ್ಲ. ಮಜ್ಜಿಗೆ ಕುಡಿದರು. ನಮ್ಮ ದೊಡ್ಡ ಮಗಳನ್ನು ಹತ್ತಿರ ಕರೆದು, ಇವಳಿಗೆ ತೆರಕಣಾಂಬಿಯಲ್ಲಿ ಒಳ್ಳೆಯ ಗಂಡು ನೋಡಿದ್ದೇನೆ, ನಮ್ಮ ಸಂಬಂಧಿಕರೇ ಎಂದರು. ಎದ್ದು ಹೋದರು. ಅವರು ಹೋದ ಮೇಲೆ ಯಜಮಾನರು ನನ್ನ ಮುಖ ನೋಡದೆ ಹೇಳಿದರು:

"ನಾಳೆ ನೀನು ಒಂದು ಮಾತಾಡಿದ್ರೆ ಆ ಹುಡುಗಿಗೆ ಹೋದದ್ದು ಬರಲ್ಲ. ನಮಗೆ ಇರೋದು ಹೋಗ್ತದೆ."

ಶಾಲೆಯ ಹಜಾರದಲ್ಲೇ ವಿಚಾರಣೆ. ಪ್ರೆಸಿಡೆಂಟರ ಕುರ್ಚಿಯಲ್ಲಿ ಅವರ ಭಾವಮೈದುನ. ವೃಷಭೇಂದ್ರಪ್ಪನವರನ್ನು ಒಳಗೆ ಕೂರಿಸಿ ಕಾಫಿ ಕೊಟ್ಟರು, ನಿನ್ನನ್ನೂ ನಿಮ್ಮ ತಂದೆಯನ್ನೂ ನಿಲ್ಲಿಸಿದರು. ನೀನು ತಡವರಿಸದೆ ಎಲ್ಲ ಹೇಳಿದೆ. ಕೂಗಿದ್ದೆ ಎಂದೂ ಹೇಳಿದೆ. ಆಗ ನನ್ನನ್ನು ಕರೆದರು. ಅಷ್ಟು ಜನರ ಮುಂದೆ ನಾನು ಹೇಳಿದ್ದು ಇಷ್ಟು: ನಾನು ಏನೂ ನೋಡಲಿಲ್ಲ, ಏನೂ ಕೇಳಲಿಲ್ಲ, ಹಾಜರಿ ಪುಸ್ತಕ ತೆಗೆದುಕೊಂಡು ಹೋದೆ. ದೂರಿನ ಕಾಗದ ತೋರಿಸಿ ಬರವಣಿಗೆ ಯಾರದು ಎಂದು ಕೇಳಿದರು. ನನ್ನದೇ, ಅವಳು ಹೇಳಿದಳು, ನಾನು ಬರೆದುಕೊಟ್ಟೆ, ನಿಜವೋ ಸುಳ್ಳೋ ಅರಿಯೆ ಎಂದೆ. ನೀನು ನನ್ನನ್ನು ಬೈಯುತ್ತೀಯೆಂದು ಕಾದೆ. ನೀನು ನಿಮ್ಮ ತಂದೆಯ ಮೊಣಕೈ ಹಿಡಿದುಕೊಂಡು, ಮೆಟ್ಟಿಲು ಇದೆ ನೋಡಿ ಎಂದು ಅವರನ್ನು ಇಳಿಸಿಕೊಂಡು ಹೋದೆ.

ಜಬ್ಬಾರ್ ಸಾಹೇಬರು ಅಂಗಡಿಬೀದಿಯ ಹೊಲಿಗೆಯಂಗಡಿ ಮುಚ್ಚಿ ಮನೆಯಲ್ಲೇ ಹೊಲಿಯುತ್ತಾರೆಂದು, ನೀನು ಬೀದಿಯ ಕಡೆಯ ಕಿಟಕಿಯನ್ನೂ ತೆಗೆಯುವುದಿಲ್ಲವೆಂದು ನಿನ್ನ ಖಾಲಾ ಹೇಳಿದರು. ನನಗೆ ಏನಾಯಿತು ಅದನ್ನೂ ಕೇಳು. ನನಗೆ ಒಳ್ಳೆಯದೇ ಆಯಿತು. ಈಗ ನಾನು ಶಾಲೆಯ ಮೇಲ್ವಿಚಾರಕಿ. ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿದೆ. ಪ್ರೆಸಿಡೆಂಟರು ಕೇಳಿದಾಗ ತೆಗೆದುಕೊಡುತ್ತೇನೆ.

ಹೋದ ವಾರ ಕೇಳಿದರು. ಕೊಟ್ಟೆ. ಮುದ್ದಯ್ಯನ ಮಗಳು ಮರಿತಾಯಮ್ಮ ನಿನಗೆ ನೆನಪಿರಬೇಕು, ಕೂಲಿಯವರ ಹುಡುಗಿ, ಕಾಜಾ ಚೆನ್ನಾಗಿ ಹೊಲಿಯುತ್ತಾಳೆ ಎಂದು ನೀನು ಹೊಗಳುತ್ತಿದ್ದೆ. ಅವಳನ್ನು ದಾರದ ಉಂಡೆ ತರಲು ಕರೆದರು. ಅವಳು ಹೊರಗೆ ಬಂದದ್ದನ್ನು ನೋಡಿದೆ. ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದವಳ ಪಕ್ಕ ಹೋಗಿ ನಿಂತು, ಏನಾಯಿತೆಂದು ಕೇಳಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದ್ದು ಇದು:

"ಏನೂ ಆಗ್ನಿಲ್ಲ ಬುಡಕ್ಕ. ಬಾಯಿ ಬುಟ್ಟ ಟೀಚರ್‌ಗೆ ಏನಾಯ್ತು ಅಂತ ನೋಡಿವ್ನಿ. ನೀನೂ ಅಲ್ಲೇ ಇದ್ದಲ್ಲ."

ಮಾರನೆಯ ದಿನವೂ ಬಂದಳು. ತಲೆ ಬಗ್ಗಿಸಿಕೊಂಡು ಹೊಲಿದಳು. ಬರದಿದ್ದರೆ ಅವರಪ್ಪನಿಗೆ ವೃಷಭೇಂದ್ರಪ್ಪನವರ ಗದ್ದೆಯಲ್ಲಿ ಕೂಲಿಯಿಲ್ಲ.

ವಾಜಿದಾ, ಸೋಮವಾರ ಬರುವವರ ಮುಂದೆ ನೀನು ಏನೂ ಮಾತಾಡಬೇಡ. ಓದಲು ಬರುವುದಿಲ್ಲ, ವಕೀಲರಿಗೆ ತೋರಿಸಿ ಹೇಳುತ್ತೇವೆ ಎಂದು ಜಬ್ಬಾರ್ ಸಾಹೇಬರು ಹೇಳಲಿ. ಮೊಕದ್ದಮೆ ಎಂದು ಹೆದರಿಸಿದರೂ ಹೂಡಲಾರರು ಎಂದು ನನ್ನ ಎಣಿಕೆ. ಕೋರ್ಟಿಗೆ ಹೋದರೆ ನನ್ನನ್ನು ಮತ್ತೆ ಕರೆಯಬೇಕಾಗುತ್ತದೆ. ನಾನು ಎರಡನೆಯ ಸಲವೂ ಅದೇ ಮಾತು ಹೇಳುತ್ತೇನೆ ಎಂಬ ಧೈರ್ಯ ಅವರಿಗಿಲ್ಲ. ಕೆಲವು ದಿನದಿಂದ ನನ್ನನ್ನು ನೋಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಈ ಕಾಗದವನ್ನು ಅಂಚೆಗೆ ಹಾಕುವ ಹಾಗಿಲ್ಲ. ನಿನ್ನ ಖಾಲಾ ನಾಳೆ ನಮ್ಮ ದೊಡ್ಡ ಮಗಳಿಗೆ ಬಳೆ ತೊಡಿಸಲು ಬರುತ್ತಾರೆ. ಬಳೆಯ ಮಲಾರದಲ್ಲಿ ಇಟ್ಟು ಕಳಿಸುತ್ತೇನೆ. ಮಗಳ ಮದುವೆ ಮಾಘದಲ್ಲಿ, ತೆರಕಣಾಂಬಿಯ ಆ ಗಂಡಿನ ಜೊತೆಯೇ. ಅಲ್ಲಿಯವರೆಗೆ ಇದನ್ನು ಯಾರಿಗೂ ತೋರಿಸಬೇಡ ಎಂದು ಕೇಳಿಕೊಳ್ಳುತ್ತೇನೆ. ಕೇಳುವ ಹಕ್ಕಿಲ್ಲವೆಂದು ಗೊತ್ತು. ಓದಿ ಒಲೆಗೆ ಹಾಕಿಬಿಡು.

ನಿನ್ನ ಕೆಲಸ ಹೋಯಿತು, ಮದುವೆ ಹೋಯಿತು, ಆದರೂ ನಿನ್ನ ಮಾತು ನಿನ್ನ ಹತ್ತಿರವೇ ಇದೆ. ಅದನ್ನು ಸೋಮವಾರ ಕೊಟ್ಟುಬಿಡಬೇಡ.

ಇಂತು ನಿನ್ನ ಅಕ್ಕ ಎನ್ನಿಸಿಕೊಂಡಿದ್ದವಳು,
ಗುರುಸಿದ್ದಮ್ಮ

ವಿ. ಸೂ: ಇದಕ್ಕೆ ಉತ್ತರ ಬರೆಯಬೇಡ. ನನ್ನ ಹೆಸರಿಗೆ ಬರುವ ಕಾಗದವನ್ನೂ ಯಜಮಾನರೇ ಒಡೆಯುತ್ತಾರೆ.

ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದ್ದೇನೆ. ಅಷ್ಟು ಬರೆದರೂ ಒಂದು ಉಳಿದಿತ್ತು. ಬಾಗಿಲು ತೆರೆದಾಗ ನಾನು ಆಗತಾನೆ ಬಂದಿದ್ದೆ ಎಂದು ನೀನು ನಂಬಿದ್ದೀಯ. ನಾನು ಬಹಳ ಹೊತ್ತಿನಿಂದ ಜಗುಲಿಯಲ್ಲಿದ್ದೆ. ನೀನು ಕೂಗಿದ್ದು ಕೇಳಿಸಿತು. ಎರಡು ಸಲ. ಎರಡನೆಯ ಸಲ ನನ್ನ ಹೆಸರು ಹಿಡಿದು ಕೂಗಿದೆ. ಬಾಗಿಲಿಗೆ ಒಳಗಿನ ಅಗುಳಿ ಇಲ್ಲವೆಂದು ನನಗೆ ಗೊತ್ತಿತ್ತು, ತಳ್ಳಿದರೆ ತೆರೆಯುತ್ತಿತ್ತು. ನಾನು ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ.

ಒಲೆಗೆ ಹಾಕು ಎಂದು ಮೇಲೆ ಬರೆದಿದ್ದೇನೆ. ನಿನಗೆ ತೋಚಿದಂತೆ ಮಾಡು. ತೋರಿಸುವುದಾದರೆ ನೋಡಿದವರು ಬರಿಯ ಗುರುಸಿದ್ದಮ್ಮ ಎಂದರೆ ಯಾರು ಎಂದು ಕೇಳಿಯಾರು, ಅದಕ್ಕೆ ಯಜಮಾನರ ಹೆಸರು ಸೇರಿಸಿ ಪೂರ್ತಿ ರುಜು ಹಾಕಿದ್ದೇನೆ.

ಗುರುಸಿದ್ದಮ್ಮ ಕೋಂ ಶಾಂತಮಲ್ಲಪ್ಪ
ಗುಂಡ್ಲುಪೇಟೆ