ನೀನು ಸವೆಸಿದ ಕ್ಲಚ್

ರತ್ನದೀಪ,

ನನ್ನ ಜೊತೆ ಕರಪತ್ರ ಹಂಚಿದ ನೀನೇ, ಕಾರ್ಮಿಕ ಸಂಘ ಸೇರಿದವರ ಹೆಸರನ್ನು ಕಾರ್ಖಾನೆಯ ಮಾಲೀಕನಿಗೆ ಹೇಳಿ ಸೂಪರ್‌ವೈಸರ್ ಆದೆ. ಇದು ದ್ರೋಹ.

ಅದರಿಂದ ಕೆಲಸ ಕಳೆದುಕೊಂಡವರನ್ನು ಬಸವಕಲ್ಯಾಣದಿಂದ ಹುಮನಾಬಾದಿನ ಕಾರ್ಖಾನೆಯ ಮುಂದಿನ ಧರಣಿಗೆ ಒಯ್ಯಬೇಕಾದ ನಮ್ಮ ಪಿಕಪ್ ನಿನ್ನೆ ಮೋರಖಂಡಿಯ ಏರಿನಲ್ಲಿ ನಿಂತಿತು. ಎಂಜಿನ್ ಕೂಗಿತು, ಗಾಡಿ ಕದಲಲಿಲ್ಲ. ಕ್ಲಚ್ ಪ್ಲೇಟ್ ಪೂರ್ತಿ ಸವೆದಿತ್ತು. ಕ್ಲಚ್ ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡೇ ಓಡಿಸುತ್ತಿದ್ದವನು ನೀನೊಬ್ಬನೇ.

ಇಂದು ನಾನೇ ಗೇರ್‌ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಹಾಕಿದೆ. ಸಿಟ್ಟಿನಲ್ಲಿ ಅದನ್ನು ತಿರುವುಮುರುವು ಕೂರಿಸಿ, ಎಲ್ಲವನ್ನೂ ಮತ್ತೆ ಬಿಚ್ಚಬೇಕಾಯಿತು. ಮೊದಲಾದರೆ ನಾನು ಬೋಲ್ಟ್ ಬಿಗಿಯುವಾಗ ಪ್ಲೇಟ್ ಅಲುಗದಂತೆ ನೀನು ಹಿಡಿಯುತ್ತಿದ್ದೆ. ಈ ಸಲ ನಿಮ್ಮವ್ವ ಶೇವಂತಾಬಾಯಿ ಗಾಡಿಯ ಕೆಳಗೆ ನುಸುಳಿ ಬಂದು ಹಿಡಿದರು.

"ಅವಗ ಬೈಕೋತ ಬಿಗಿಬ್ಯಾಡೊ ಮಚ್ಚೇಂದ್ರ, ಮತ್ತ ಉಲ್ಟಾ ಆಗ್ತದ," ಎಂದು ನಕ್ಕರು.

"ಧರಣಿಗಿ ನೀವೂ ಬರ್ತೀರೇನ್ರಿ, ಅವ್ವಾ?"

"ಯಾಕ ಬರಬಾರದು? ಮುಂದಿನ ಸೀಟು ನಂದೇ. ಗೇಟಿನಾಗ ನಿಂತು ನನಗೂ ತಡೀತಾನೇನು, ನೋಡ್ತೀನಿ."

ಗಾಡಿ ಈಗ ಏರು ಹತ್ತುತ್ತದೆ. ಈ ಪತ್ರವನ್ನು ಕಳಿಸುವುದಿಲ್ಲ. ಓದಿದರೆ ನೀನು ಧರಣಿಯ ದಿನ ರಜೆ ಹಾಕಿಬಿಡುತ್ತೀಯ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಕಾರ್ಖಾನೆಯ ಗೇಟಿನಲ್ಲಿ ಸಿಗೋಣ.