ಗಡುವು ಹಾಕಿದ ಹರಕೆ

ಮಧುರೆ, ದೊಡ್ಡಬಳ್ಳಾಪುರ ತಾಲ್ಲೂಕು,
ಸೋಮವಾರ, ೧೪ ಅಕ್ಟೋಬರ್ ೨೦೨೪

ಮುದ್ದಿನ ಮಗಳು ಸಿಂಚನಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದ.

ಇಲ್ಲಿ ನಾನು, ನಿಮ್ಮಪ್ಪ, ಎರಡು ಹಸು, ಹುಳುಮನೆಯ ರೇಷ್ಮೆ ಹುಳು ಎಲ್ಲರೂ ಚೆನ್ನಾಗಿದ್ದೇವೆ. ನೆಮ್ಮದಿಯಾಗಿದ್ದೀಯಾ ಅಂತ ಮಾತ್ರ ಕೇಳಬೇಡ. ನಿನ್ನ ಪತ್ರ ಬಂದು ಸರಿಯಾಗಿ ಮೂರು ವಾರವಾಯಿತು. ಪೋಸ್ಟ್‌ಮ್ಯಾನ್ ಅಪ್ಪಯ್ಯಣ್ಣ ಅದನ್ನು ಮನೆಗೆ ತರದೆ ಹಾಲಿನ ಡೈರಿ ಹತ್ತಿರವೇ ನನ್ನ ಕೈಗೆ ಕೊಟ್ಟು, "ಮಗಳದ್ದು ಕಣಮ್ಮ, ನಿನ್ನೆಸ್ರಿಗೇ ಐತೆ" ಅಂದ. ಉತ್ತರ ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹುಳು ಕೊನೆಯ ಹಂತಕ್ಕೆ ಬಂದು ದಿನವಿಡೀ ಸೊಪ್ಪು ತಿನ್ನುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ನಿಮ್ಮಪ್ಪನ ಕಣ್ಣು ತಪ್ಪಿಸಿ ನಾಲ್ಕು ಸಾಲು ಬರೆಯಲು ಈ ಮನೆಯಲ್ಲಿ ಜಾಗವೇ ಇಲ್ಲ. ಭಾನುವಾರ ಪೊಲೀಸ್ ಟ್ರೈನಿಂಗ್‌ನಲ್ಲಿ ನಿಮಗೆ ಫೋನ್ ಕೊಡುವುದು ಹತ್ತು ನಿಮಿಷ. ಅದರಲ್ಲಿ ಒಂಬತ್ತು ನಿಮಿಷ ಅವರೇ ಸ್ಪೀಕರ್ ಹಾಕಿಕೊಂಡು ಎಷ್ಟು ಸುತ್ತು ಓಡಿದೆ, ಏನು ಓದಿದೆ ಅಂತ ವಿಚಾರಣೆ ಮಾಡುತ್ತಾರೆ. ಉಳಿದ ಒಂದು ನಿಮಿಷದಲ್ಲಿ ನಾನು ಊಟ ಆಯ್ತಾ ಅನ್ನುವಷ್ಟರಲ್ಲಿ ಕಟ್ ಆಗುತ್ತದೆ. ಮಗಳನ್ನು ಸರಿಯಾಗಿ ಬೈಯುವುದಕ್ಕೂ ಒಂದು ಹೊತ್ತು ಬೇಡವೇ?

ಈಗ ಹೇಗೆ ಬರೆಯುತ್ತಿದ್ದೇನೆ ಅಂದರೆ, ಸಂಜೆ ಏಳರಿಂದ ಎಂಟರವರೆಗೆ ನಮ್ಮ ಮನೆಯಲ್ಲಿ ಓದುವ ಗಂಟೆ. ನಿಮ್ಮಪ್ಪ ಎದುರಿಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ನಿನ್ನ ಹಳೆಯ ಕಾನ್‌ಸ್ಟೇಬಲ್ ಪರೀಕ್ಷೆಯ ಗೈಡ್ ಓದುತ್ತಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಓದಿದವಳಾದ್ದರಿಂದ ನನಗೆ ಗೈಡು ಬೇಡವಂತೆ, ದಿನಕ್ಕೆ ಎರಡು ಪುಟ ದೇವರ ನಾಮ ಬರೆಯಬೇಕಂತೆ. ಆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲೇ ಇದನ್ನು ಗೀಚುತ್ತಿದ್ದೇನೆ. "ಏನೇ, ಇವತ್ತು ಭಕ್ತಿ ಜಾಸ್ತಿ ಆಗ್ಬಿಟ್ಟೈತೆ?" ಅಂತ ಈಗಷ್ಟೇ ಕೇಳಿದರು. ದೇವರು ನನ್ನನ್ನು ಕ್ಷಮಿಸಲಿ.

ಮೊದಲು ನಿನ್ನ ವಿಷಯಕ್ಕೆ ಬರುತ್ತೇನೆ. ಮಂಡಿ ಊದಿದೆ, ಗೋಡೆ ಹತ್ತುವುದರಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದೀಯ, ಕಾನೂನಿನ ಕ್ಲಾಸಿನಲ್ಲಿ ಇಂಗ್ಲಿಷ್ ಪದ ಗೊತ್ತಾಗದೆ ಎದ್ದು ನಿಂತಾಗ ಹುಡುಗಿಯರು ನಕ್ಕರು, ಡ್ರಿಲ್ ಮೇಡಂ ಎಲ್ಲರೆದುರು ಕಿರುಚುತ್ತಾರೆ ಅಂತ ಬರೆದಿದ್ದೀಯ. ಕೊನೆಗೆ ಒಂದೇ ಸಾಲು: "ಅಮ್ಮಾ, ನನ್ ಕೈಲಾಗ್ತಿಲ್ಲ, ಬಿಟ್ಟು ಬಂದ್ಬಿಡ್ಲಾ?" ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಓದಿದಷ್ಟು ಸಲವೂ ಮೊದಲು ಬಸ್ಸು ಹತ್ತಿ ನಿನ್ನ ಹತ್ತಿರ ಬಂದುಬಿಡೋಣ ಅನ್ನಿಸುತ್ತದೆ, ಆಮೇಲೆ ಮೈ ಉರಿಯುತ್ತದೆ. ಅಲ್ಲ ಕಣೇ, ಎರಡು ವರ್ಷ ನಮ್ಮ ನಿದ್ದೆ ಕೆಡಿಸಿ, ಬೆಳಗಿನ ಜಾವ ಕೆರೆ ಏರಿ ಮೇಲೆ ಓಡಿ, ಮದುವೆ ಮಾತು ಎತ್ತಿದವರಿಗೆಲ್ಲ ಬಾಗಿಲು ತೋರಿಸಿ ಸೇರಿದ್ದು ಇದಕ್ಕೇನಾ? ಡ್ರಿಲ್ ಮೇಡಂ ಕಿರುಚಿದರೆ ಏನಾಯಿತು? ಸಪ್ಪಲಮ್ಮತ್ತೆಯ ಗಂಟಲನ್ನು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು ನೀನು. ಇಂಗ್ಲಿಷ್ ಬರದಿದ್ದರೆ ಒಂದು ಚೀಟಿಯಲ್ಲಿ ದಿನಕ್ಕೆ ಐದು ಪದ ಬರೆದುಕೊಂಡು ಜೇಬಿನಲ್ಲಿಟ್ಟುಕೋ. ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ, ಅಲ್ಲಿ ಸಿಗದಿದ್ದರೆ ಬರೆ, ರಾಗಿ ಹುರಿಹಿಟ್ಟಿನ ಜೊತೆ ಕಳಿಸುತ್ತೇನೆ.

ನಿನ್ನ ಈ ಪತ್ರದ ವಿಷಯ ನಿಮ್ಮಪ್ಪನಿಗೆ ಹೇಳಿಲ್ಲ. ಯಾಕೆ ಹೇಳಿಲ್ಲ ಅಂತ ತಿಳಿಯಬೇಕಾದರೆ ಇಲ್ಲಿ ನಡೆಯುತ್ತಿರುವುದೆಲ್ಲ ಕೇಳಬೇಕು.

ನೀನು ಹೊರಡುವ ಹಿಂದಿನ ಶನಿವಾರ ಅವರು ಶನಿದೇವರ ಗುಡಿಯಲ್ಲಿ ಹರಕೆ ಹೊತ್ತಿದ್ದು ನಿನಗೆ ಗೊತ್ತು. ನೀನು ಬಟ್ಟೆ ಕೊಳ್ಳಲು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ, ಆ ಮಾತು ಕಿವಿಯಾರೆ ಕೇಳಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ದೀಪ ಹಚ್ಚಿ, ಕೈಮುಗಿದು, ಪೂಜಾರಿಯ ಎದುರಿಗೆ ಹೇಳಿದರು: "ಸ್ವಾಮೀ, ನನ್ ಮಗ್ಳು ಟ್ರೈನಿಂಗ್ ಮುಗ್ಸಿ ಮನೆ ಬಾಗ್ಲಿಗೆ ಬರೋ ತನ್ಕ ನಾನು ಕುಡಿಯಲ್ಲ. ಅವ್ಳು ಅಲ್ಲಿ ಏನ್ ಮಾಡ್ತಾಳೋ ನಾನೂ ಇಲ್ಲಿ ಅದ್ನೇ ಮಾಡ್ತೀನಿ." ಸಪ್ಪಲಮ್ಮತ್ತೆಗೆ ತಮ್ಮನ ಮಾತು ಸರಿ ಬರಲಿಲ್ಲ. "ಹರಕೆಗೆ ಯಾಕ್ಲಾ ಗಡುವು ಹಾಕ್ದೆ? ಬಾಳೆಲ್ಲಾ ಮುಟ್ಟಲ್ಲ ಅನ್ಬಾರ್ದಾಗಿತ್ತಾ?" ಅಂತ ಅಲ್ಲೇ ತರಾಟೆಗೆ ತೆಗೆದುಕೊಂಡರು. ಅದಕ್ಕೆ ನಿಮ್ಮಪ್ಪ, "ಬಾಳೆಲ್ಲಾ ಅಂದ್ರೆ ದೇವ್ರೂ ನಂಬಲ್ಲ ಕಣಕ್ಕಾ" ಅಂದರು. ಪೂಜಾರಿ ನಕ್ಕರು. ನಾನೂ ನಕ್ಕೆ.

ನಿಮ್ಮಪ್ಪ ಮಾತಿಗೆ ತಪ್ಪಿಲ್ಲ, ಅದೇ ಈಗ ನನ್ನ ಪ್ರಾಣ ತಿನ್ನುತ್ತಿರುವುದು. ಬಟ್ಟೆ ಬೀರುವಿನ ಪಕ್ಕದ ಗೋಡೆಗೆ ನೀನು ಅಂಟಿಸಿದ್ದ ಟೈಮ್ ಟೇಬಲ್ ನೆನಪಿದೆಯಾ? ಅದನ್ನು ನಡುಮನೆಗೆ ತಂದು ದೇವರ ಫೋಟೋ ಪಕ್ಕ ಹಾಕಿದ್ದಾರೆ. ನಾಲ್ಕೂ ಮುಕ್ಕಾಲಿಗೆ ಏಳುವುದು ಅಂತ ಬರೆದಿದ್ದೀಯಲ್ಲ, ಅಷ್ಟು ಹೊತ್ತಿಗೆ ನಾನೂ ಏಳಬೇಕು. ಐದಕ್ಕೆ ಓಟ. ಮೊದಲ ವಾರ ರಬ್ಬರ್ ಚಪ್ಪಲಿಯಲ್ಲೇ ಓಡಿ ಕಾಲೆಲ್ಲ ಬೊಬ್ಬೆ. ಈಗ ಕ್ಯಾನ್ವಾಸ್ ಶೂ ಬಂದಿದೆ. ಆಯುಧ ಪೂಜೆಯ ದಿನ ಕುಡುಗೋಲು, ಸೊಪ್ಪು ಕತ್ತರಿಸುವ ಮಚ್ಚು, ನೇಗಿಲುಗಳ ಸಾಲಿನಲ್ಲಿ ಆ ಶೂಗಳನ್ನೂ ಇಟ್ಟು ಕುಂಕುಮ ಹಚ್ಚಿದರು. ಪಕ್ಕದಲ್ಲಿ ನಿನ್ನ ಗೈಡ್. ನೋಡಿದವರು ಏನಂದುಕೊಂಡರೋ!

ಏರಿಯ ಮೇಲೆ ನಾನೂರು ಮೀಟರ್ ಅಳೆದು ಎರಡು ಕಡೆ ಕಲ್ಲು ನೆಟ್ಟಿದ್ದಾರೆ. ಟೈಮ್ ನೋಡುವವನು ವೆಂಕಟರಾಯಪ್ಪ. ಮೊದಲು ಇಬ್ಬರೂ ಸಂಜೆ ಒಟ್ಟಿಗೆ ಎಲ್ಲಿ ಕೂತಿರುತ್ತಿದ್ದರು ಅಂತ ನಿನಗೆ ಗೊತ್ತಲ್ಲ, ಈಗ ಬೆಳಗ್ಗೆ ಒಟ್ಟಿಗೆ ಇರುತ್ತಾರೆ, ಅಷ್ಟೇ ವ್ಯತ್ಯಾಸ. ಇವರು ಏದುಸಿರು ಬಿಡುತ್ತ ಬಂದರೆ ಅವನು ಕಲ್ಲಿನ ಮೇಲೆ ಕೂತೇ, "ಲೇ ಮುನಿಯಾ, ಎರಡು ನಿಮಿಷ ನಲವತ್ತು ಕಣ್ಲಾ, ಸಾಲ್ದು" ಅನ್ನುತ್ತಾನೆ. ಎರಡು ನಿಮಿಷದೊಳಗೆ ಓಡಲೇಬೇಕಂತೆ, ನೀನು ಓಡಿದ್ದೀಯಂತೆ. "ರೀ, ನಿಮಗೆ ಐವತ್ನಾಲ್ಕು ವರ್ಷ, ಅವಳಿಗೆ ಇಪ್ಪತ್ಮೂರು" ಅಂದರೆ, "ನನ್ ಮಗ್ಳು ಅಲ್ಲಿ ಒದ್ದಾಡ್ತಿದ್ರೆ ನಾನಿಲ್ಲಿ ಮಲ್ಗಿರ್ಲಾ?" ಅಂತ ನನಗೇ ತಿರುಗುತ್ತಾರೆ.

ಇದಾದರೂ ಪರವಾಗಿಲ್ಲ. ಟೈಮ್ ಟೇಬಲ್‌ನಲ್ಲಿ ಒಂಬತ್ತು ಹತ್ತಕ್ಕೆ ಬಸ್ ಅಂತ ಬರೆದಿದ್ದೀಯ, ನೀನು ದೊಡ್ಡಬಳ್ಳಾಪುರದ ಕೋಚಿಂಗ್ ಕ್ಲಾಸಿಗೆ ಹೋಗುತ್ತಿದ್ದ ಬಸ್ಸು. ಅದಕ್ಕೂ ಹೋಗುತ್ತಾರೆ ಕಣೇ! ಸ್ನಾನ ಮಾಡಿ, ಶರ್ಟು ಹಾಕಿ, ಬಸ್ ಸ್ಟಾಪಿನಲ್ಲಿ ನಿಂತು, ಬಸ್ಸು ಬಂದು ಹೋಗುವುದನ್ನು ನೋಡಿ ವಾಪಸ್ ಬರುತ್ತಾರೆ. ಕಂಡಕ್ಟರ್ ಮೊದಲೆಲ್ಲ ಹತ್ತಿ ಅಂತ ಕೂಗುತ್ತಿದ್ದನಂತೆ. ಈಗ ಇವರನ್ನು ಕಂಡರೆ ಸುಮ್ಮನೆ ಕೈ ಬೀಸುತ್ತಾನೆ. ಇಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುವ ಹೊತ್ತು ಅದೇ. ಬುಟ್ಟಿ ಹೊತ್ತು ನಾನು ಒಬ್ಬಳೇ ಸಾಯುತ್ತೇನೆ.

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡರೂ ಸಹಿಸಬಹುದಿತ್ತು. ಎಂಟನೇ ಕ್ಲಾಸಿಗೆ ಬಿಟ್ಟ ಓದು ಈಗ ಒಟ್ಟಿಗೆ ಉಕ್ಕುತ್ತಿದೆ. ಡೈರಿಯಲ್ಲಿ ಹಾಲು ಅಳೆಸುವವರನ್ನು ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಹೋದ ತಿಂಗಳು ರಾಜಘಟ್ಟದಲ್ಲಿ ನಮ್ಮ ದೊಡ್ಡಮ್ಮನ ಹನ್ನೊಂದನೇ ದಿನದ ಊಟ. ಎಲೆ ಮುಂದೆ ಕೂತ ನಿಮ್ಮಪ್ಪ ಪಕ್ಕದಲ್ಲಿ ಅಳುತ್ತಿದ್ದ ನಮ್ಮ ಭಾವನನ್ನು, "ಅದ್ಸರಿ, ರಾಜ್ಯಸಭೆ ಮೆಂಬರ್ ಅವಧಿ ಎಷ್ಟು ವರ್ಷ ಹೇಳು ನೋಡಾನ?" ಅಂತ ಕೇಳಿದರು. ಭಾವ ಅಳುವುದು ಬಿಟ್ಟು ಬಾಯಿ ತೆರೆದು ನೋಡಿದರು. ನನಗೆ ಎಲೆ ಬಿಟ್ಟು ಎದ್ದು ಹೋಗುವ ಹಾಗಾಯಿತು. ಇಷ್ಟೆಲ್ಲ ಓದುವವರು ಗೈಡಿನಲ್ಲಿ ಒಂದು ಪುಟವನ್ನು ಮಾತ್ರ ಹಾರಿಸುತ್ತಾರೆ. ಮೂರು ಸಲ ಗಮನಿಸಿದ್ದೇನೆ. ಹೋಗಲಿ, ಅದು ಬೇರೆ ಮಾತು.

ಬೈಯುತ್ತಿದ್ದೇನೆ, ಆದರೆ ಸುಳ್ಳು ಹೇಳಬಾರದು. ಅವರ ಕೈ ನಡುಗುವುದು ನಿಂತಿದೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಾರೆ, ಆ ಗೀಟು ಈಗ ನೆಟ್ಟಗೆ ಬರುತ್ತದೆ. ಬೆಳಿಗ್ಗೆ ಗುಡಿಗೆ ಹೋಗಿ ಬಂದು ಹಣೆಗೆ ವಿಭೂತಿ ಇಟ್ಟುಕೊಂಡು ಕೂತರೆ, ನನ್ನ ಮದುವೆಯ ದಿನ ನೋಡಿದ ಮುಖ ಒಂದು ಗಳಿಗೆ ಕಾಣುತ್ತದೆ. ಅದನ್ನು ನೋಡಿಯೂ ನನಗೆ ರೇಗುತ್ತದೆ. ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ ಈ ಮುಖವನ್ನು ಅಂತ ಕೇಳಬೇಕು ಅನ್ನಿಸುತ್ತದೆ.

ಆದ್ದರಿಂದ ಸಿಂಚು, ಹಟ ಮಾಡದೆ ಅಲ್ಲೇ ಇರು. ಹುಳುಮನೆಯಲ್ಲಿ ಬೆಳೆದವಳು ನೀನು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ, ಅಲ್ಲಾಡುವುದಿಲ್ಲ, ಹೊಸಬರು ನೋಡಿದರೆ ಸತ್ತೇ ಹೋಯಿತು ಅನ್ನುತ್ತಾರೆ. ಒಂದು ದಿನ ಕಳೆದರೆ ಹಳೇ ಚರ್ಮ ಬಿಟ್ಟು ಎರಡರಷ್ಟು ತಿನ್ನುತ್ತದೆ. ನಿನಗೂ ಈಗ ಅಂಥದ್ದೇ ಜ್ವರ ಅಂದುಕೋ. ಬೆಳಗ್ಗೆ ಎದ್ದ ತಕ್ಷಣ ದೇವರನ್ನು ನೆನೆ, ಆ ದಿನ ಒಂದನ್ನು ಮಾತ್ರ ಮುಗಿಸುತ್ತೇನೆ ಅಂದುಕೋ, ನಾಳೆಯದ್ದು ನಾಳೆಗೆ. ನಾನೂ ಈ ನಾಮ ಬರೆಯುವುದನ್ನು ಹಾಗೇ ಮಾಡುತ್ತಿದ್ದೇನೆ. ಮೊದಲು ಮುನಿಸಿಕೊಂಡೇ ಬರೆದೆ. ಈಗ ಬರೆಯದ ದಿನ ಏನೋ ಮರೆತ ಹಾಗಿರುತ್ತದೆ, ಇದನ್ನು ನಿಮ್ಮಪ್ಪನಿಗೆ ಹೇಳಬೇಡ. ನೌಕರಿ ಅಂದರೆ ನಿನ್ನ ಕಾಲ ಮೇಲೆ ನೀನು ನಿಲ್ಲುವುದು. ಅರ್ಧಕ್ಕೆ ಬಂದರೆ ಊರಿನವರ ಬಾಯಿಗೆ ಎಲೆ ಅಡಿಕೆ ಆಗುತ್ತೀಯ. ಮಾರ್ಚ್ ತಿಂಗಳು ಎಷ್ಟು ದೂರವಿದೆ ಮಹಾ!

ಎಂಟು ಗಂಟೆ ಆಯಿತು. ನಿಮ್ಮಪ್ಪ ಗೈಡ್ ಮುಚ್ಚಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾರೆ. ಹೊಟ್ಟೆ ತುಂಬ ಊಟ ಮಾಡು, ಮಂಡಿಯನ್ನು ಡಾಕ್ಟರಿಗೆ ತೋರಿಸು. ಆ ಶನಿದೇವರು ನಿನ್ನ ಕಾಲಿಗೆ ಬಲ ಕೊಡಲಿ, ನಿನ್ನ ಮನಸ್ಸು ಗಟ್ಟಿಯಾಗಿರಲಿ.

ನಿನ್ನನ್ನೇ ನೆನೆಯುತ್ತಿರುವ ಅಮ್ಮ,
ಗಂಗಲಕ್ಷ್ಮಮ್ಮ

ಬರೆಯದೆ ಬಿಟ್ಟದ್ದು: ಈಗ ಮಂಗಳವಾರ ಬೆಳಗ್ಗೆ. ಡೈರಿ ಕಟ್ಟೆಯ ಮೇಲೆ ಕೂತು ಅಪ್ಪಯ್ಯಣ್ಣನಿಗೆ ಕಾಯುತ್ತ ಮೇಲಿನದ್ದನ್ನೆಲ್ಲ ಮತ್ತೆ ಓದಿದೆ. ನಿನ್ನ ನೌಕರಿ, ಊರಿನವರ ಬಾಯಿ ಅಂತೆಲ್ಲ ಬರೆದಿದ್ದೇನೆ. ಅದರಲ್ಲಿ ಅರ್ಧ ನೆಪ. ನಿಜ ಹೇಳದೆ ಈ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ.

ಹೋದ ಯುಗಾದಿ ಆದ ವಾರ ನನ್ನ ಕೈ ಊದಿತ್ತಲ್ಲ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದೆ ಅಂದಿದ್ದೆ. ನಾನು ಜಾರಿರಲಿಲ್ಲ. ಅದಕ್ಕೆ ಹಿಂದೆ ಬಿದ್ದೆ ಅಂದ ಯಾವ ಸಲವೂ ಜಾರಿರಲಿಲ್ಲ. ನಿಮ್ಮಪ್ಪ ಕುಡಿದು ಕೂಗಾಡುವುದು ನಿನಗೆ ಗೊತ್ತಿತ್ತು, ಕೈ ಮಾಡುವುದು ಗೊತ್ತಿರಲಿಲ್ಲ. ನೀನು ಕ್ಲಾಸಿನಿಂದ ಬರುವಷ್ಟರಲ್ಲಿ ನಾನು ಅರಿಶಿನ ಹಚ್ಚಿಕೊಂಡು, ಮುಖ ತೊಳೆದು, ಒಲೆ ಮುಂದೆ ಕೂತಿರುತ್ತಿದ್ದೆ. ಗೈಡಿನಲ್ಲಿ ಅವರು ಹಾರಿಸುವ ಪುಟ ಯಾವುದು ಅಂದರೆ, ಹೆಂಡತಿಗೆ ಹೊಡೆಯುವ ಗಂಡನ ಬಗ್ಗೆ ಕಾನೂನು ಏನು ಹೇಳುತ್ತದೆ ಅನ್ನುವ ಪುಟ. ಅವರು ಬಸ್ ಸ್ಟಾಪಿಗೆ ಹೋದಾಗ ನಾನು ಅದನ್ನು ನಾಲ್ಕು ಸಲ ಓದಿದ್ದೇನೆ.

ಕುಡಿತ ನಿಂತು ನಿನ್ನೆಗೆ ನೂರ ಹದಿನಾಲ್ಕು ದಿನ. ಗೀಟುಗಳನ್ನು ಅವರು ಎಳೆಯುತ್ತಾರೆ, ಎಣಿಸುವವಳು ನಾನು. ನೀನು ಯೂನಿಫಾರಂ ಹಾಕಿಕೊಂಡು ಬರುವ ದಿನಕ್ಕೆ ಊರೆಲ್ಲ ಕಾಯುತ್ತಿದೆ. ನಾನೊಬ್ಬಳು ಮಾತ್ರ ಆ ದಿನ ಬೇಗ ಬರದಿರಲಿ ಅಂತ ದೇವರ ನಾಮದ ಕೆಳಗೆ ಬೇಡಿಕೊಳ್ಳುತ್ತೇನೆ. ಎಂಥ ತಾಯಿ ನಾನು, ಹೇಳು. ಅವತ್ತು ಗುಡಿಯಲ್ಲಿ ಆ ಗಡುವಿನ ಮಾತಿಗೆ ನಕ್ಕಿದ್ದೆನಲ್ಲ, ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆದರೆ ನನ್ನ ನೆಮ್ಮದಿಯನ್ನು ನಿನ್ನ ಊದಿದ ಮಂಡಿಯ ಮೇಲೆ ಹೊರಿಸುವ ಹಕ್ಕು ನನಗಿಲ್ಲ ಮಗಳೇ. ನಿಜವಾಗಿಯೂ ಆಗದಿದ್ದರೆ ಬಂದುಬಿಡು. ಬಾಗಿಲು ತೆಗೆಯುವವಳು ನಾನೇ, ಒಂದು ಮಾತೂ ಆಡುವುದಿಲ್ಲ. ಈಗ ಬಂದರೂ ಅಷ್ಟೇ, ಮಾರ್ಚಿಗೆ ಬಂದರೂ ಅಷ್ಟೇ, ಬರುವ ದಿನ ಮಾತ್ರ ನನಗೆ ಮೊದಲೇ ಬರೆ. ತಮ್ಮ ಅಕ್ಕನ ಎದುರಿಗೆ ಅವರು ಯಾವತ್ತೂ ಕೈ ಎತ್ತಿಲ್ಲ. ಅವತ್ತು ಸಪ್ಪಲಮ್ಮತ್ತೆಯನ್ನು ನಮ್ಮ ಮನೆಗೆ ಕರೆಸಿಕೊಂಡಿರುತ್ತೇನೆ.